ಹಳೆ ಡೆಸ್ಕ್‌ಟಾಪ್‌ಗೆ ಯಾವ ಪ್ರೊಸೆಸರ್? ಬೋರ್ಡ್ ನೋಡಿ, ಆಮೇಲೆ ಜೇಬು ನೋಡಿ

ಶಿರಸಿಯ ಅಡಿಕೆ ಮಂಡಿಯ ಲೆಕ್ಕದ ಟೇಬಲ್ಲಿನಿಂದ ಕಾರವಾರದ ಫೋಟೊ ಸ್ಟುಡಿಯೊವರೆಗೆ, ಎಂಟು-ಹತ್ತು ವರ್ಷ ದಾಟಿಯೂ ದುಡಿಯುತ್ತಿರುವ ಡೆಸ್ಕ್‌ಟಾಪ್‌ಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಅವುಗಳ ಯಜಮಾನರ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಇದ್ದ ಬೋರ್ಡಿಗೇ (ಮದರ್‌ಬೋರ್ಡಿಗೇ) ಇಂಟೆಲ್‌ನ ಒಂದು ಸೆಕೆಂಡ್ ಹ್ಯಾಂಡ್ ಐ7 ಪ್ರೊಸೆಸರ್ ಕೂರಿಸಿದರೆ ಸಾಕೇ? ಬೋರ್ಡ್ ಸಮೇತ ಬದಲಿಸಬೇಕೇ? ಎಎಂಡಿ ಕಂಪನಿಯ ರೈಜನ್ ಒಳ್ಳೆಯದೇ? ಆಫೀಸುಗಳಿಂದ ಹೊರಬಿದ್ದ ರಿಫರ್ಬಿಶ್ಡ್ ಪೆಟ್ಟಿಗೆ ತಂದರೆ ಹೇಗೆ? 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಈ ಗೊಂದಲಕ್ಕೆ ಇನ್ನೊಂದು ಗಂಟು ಬಿದ್ದಿದೆ.

ಪ್ರೊಸೆಸರ್‌ನ ಬೆಲೆಯೊಂದನ್ನೇ ನೋಡಿ ಹೊರಟರೆ ಲೆಕ್ಕ ತಪ್ಪುತ್ತದೆ. ಮದುಮಗನ ಹಿಂದೆ ದಿಬ್ಬಣ ಬಂದ ಹಾಗೆ ಅದರ ಹಿಂದೆ ಬೋರ್ಡ್, ರ‍್ಯಾಮ್, ಕೂಲರ್, ಕೆಲವೊಮ್ಮೆ ಪವರ್ ಸಪ್ಲೈ ಕೂಡ ಬರುತ್ತವೆ. ಹೋಲಿಸಬೇಕಾದ್ದು ಈ ಒಟ್ಟು ಖರ್ಚನ್ನು.

ತಪ್ಪು ಪ್ರೊಸೆಸರ್‌ನದೇ ಹೌದಾ?

ನಿಮಗೆ ನಿಧಾನ ಅನ್ನಿಸುವ ಕೆಲಸವನ್ನೇ ಶುರು ಮಾಡಿ, ಕಂಟ್ರೋಲ್-ಶಿಫ್ಟ್-ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಡಿಸ್ಕ್ 100 ಪ್ರತಿಶತಕ್ಕೆ ಅಂಟಿಕೊಂಡಿದ್ದು ಸಿಪಿಯು 30ರಲ್ಲಿ ತೂಕಡಿಸುತ್ತಿದ್ದರೆ ನಿಮಗೆ ಬೇಕಾದ್ದು ಎಸ್‌ಎಸ್‌ಡಿ. ಮೆಮೊರಿ 90 ದಾಟಿದ್ದರೆ ಬೇಕಾದ್ದು ರ‍್ಯಾಮ್. ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ವಿಂಡೋಸ್ ಇಟ್ಟುಕೊಂಡು ಪ್ರೊಸೆಸರ್ ಬದಲಿಸುವುದರಷ್ಟು ದಂಡದ ಖರ್ಚು ಇನ್ನೊಂದಿಲ್ಲ.

ಇಲ್ಲಿ ಕಣ್ಣಿಗೆ ಮಣ್ಣೆರಚುವ ಒಂದು ಸಂಗತಿ ಇದೆ. ನಾಲ್ಕು ಕೋರ್‌ನ ಪ್ರೊಸೆಸರ್‌ನಲ್ಲಿ ಒಂದೇ ಕೋರ್ (ಲೆಕ್ಕ ಮಾಡುವ ಭಾಗ) ಪೂರ್ತಿ ದುಡಿಯುತ್ತಿದ್ದರೂ ಒಟ್ಟು ಲೆಕ್ಕ 25 ಪ್ರತಿಶತ ಎಂದೇ ಕಾಣುತ್ತದೆ. ಪರ್ಫಾರ್ಮೆನ್ಸ್ ಟ್ಯಾಬಿನ ಗ್ರಾಫ್ ಮೇಲೆ ಬಲ ಕ್ಲಿಕ್ ಮಾಡಿ, ಲಾಜಿಕಲ್ ಪ್ರೊಸೆಸರ್‌ಗಳನ್ನು ಬೇರೆ ಬೇರೆಯಾಗಿ ತೋರಿಸಲು ಹೇಳಿ. ಒಂದು ಗ್ರಾಫ್ ಮಾತ್ರ ಚಾವಣಿ ಮುಟ್ಟಿದ್ದರೆ ನಿಮಗೆ ಬೇಕಾದ್ದು ವೇಗದ ಕೋರ್, ಹೆಚ್ಚು ಕೋರ್ ಅಲ್ಲ. ಲೆಕ್ಕಪತ್ರದ ತಂತ್ರಾಂಶ, ಹಳೆಯ ಡಿಟಿಪಿ ತಂತ್ರಾಂಶಗಳೆಲ್ಲ ಹೆಚ್ಚಾಗಿ ಈ ಜಾತಿಯವು. ಎಲ್ಲ ಗ್ರಾಫ್‌ಗಳೂ ಚಾವಣಿಯಲ್ಲಿದ್ದರೆ, ಉದಾಹರಣೆಗೆ ಇಡೀ ರಾತ್ರಿಯ ಯಕ್ಷಗಾನದ ವಿಡಿಯೊ ರೆಂಡರ್ ಮಾಡುವಾಗ, ಕೋರ್ ಮತ್ತು ಥ್ರೆಡ್‌ಗೆ (ಕೋರ್‌ಗಳು ಒಮ್ಮೆಗೇ ನಡೆಸಬಲ್ಲ ಕೆಲಸದ ಎಳೆಗಳಿಗೆ) ಕೊಟ್ಟ ಹಣ ಸಾರ್ಥಕ.

ತೂಗುವ ಬಟ್ಟುಗಳು

ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಮತ್ತು ಚಿಪ್‌ಸೆಟ್ (ಬೋರ್ಡಿನ ಇತರ ಭಾಗಗಳನ್ನು ಪ್ರೊಸೆಸರ್‌ಗೆ ಜೋಡಿಸುವ ಚಿಪ್) ಮೊದಲನೆಯದು. ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆರೆದರೆ ಬೇಸ್‌ಬೋರ್ಡ್ ಪ್ರಾಡಕ್ಟ್ ಎಂಬ ಸಾಲಿನಲ್ಲಿ ಬೋರ್ಡಿನ ಮಾದರಿ, ಮೇಲಿನ ಇನ್ನೊಂದು ಸಾಲಿನಲ್ಲಿ ಬಯೋಸ್ (ಗಣಕವನ್ನು ಎಬ್ಬಿಸುವ, ಬೋರ್ಡಿನೊಳಗಿನ ತಂತ್ರಾಂಶ) ಆವೃತ್ತಿ ಸಿಗುತ್ತವೆ. ಆ ಮಾದರಿಯ ಹೆಸರು ಹಿಡಿದು ತಯಾರಕರ ಜಾಲತಾಣದಲ್ಲಿ ಸಿಪಿಯು ಸಪೋರ್ಟ್ ಪಟ್ಟಿ ನೋಡಿ. ಬೋರ್ಡಿನ ಮೂಲೆಯಲ್ಲಿ ಅಚ್ಚಾದ ರಿವಿಷನ್ ಸಂಖ್ಯೆಯೂ ಹೊಂದಬೇಕು, ಏಕೆಂದರೆ ಒಂದೇ ಹೆಸರಿನ ಬೋರ್ಡಿನ ಎರಡು ರಿವಿಷನ್‌ಗಳಿಗೆ ಬೇರೆ ಬೇರೆ ಬಯೋಸ್ ಇರುವುದುಂಟು.

ಎರಡನೆಯದು ಗ್ರಾಫಿಕ್ಸ್. ಇಂಟೆಲ್ ಹೆಸರಿನ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಎಎಂ4 ಸಾಕೆಟ್‌ನ ರೈಜನ್‌ಗಳಲ್ಲಿ ಕೊನೆಗೆ ಜಿ ಇದ್ದರೆ (ಅಥವಾ 5600ಜಿಟಿಯಂತೆ ಜಿಟಿ ಇದ್ದರೆ) ಮಾತ್ರ ಗ್ರಾಫಿಕ್ಸ್ ಇರುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದವರು ಅಗ್ಗವೆಂದು ಎಫ್ ತಂದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪಗೇ ಇರುತ್ತದೆ.

ಮೂರನೆಯದು ವಿಂಡೋಸ್ 11. ಮೈಕ್ರೋಸಾಫ್ಟ್‌ನ ಅಧಿಕೃತ ಪಟ್ಟಿ ಇಂಟೆಲ್‌ನಲ್ಲಿ ಬಹುಮಟ್ಟಿಗೆ 8ನೇ ಜನರೇಶನ್‌ನಿಂದ, ರೈಜನ್‌ನಲ್ಲಿ 2000 ಸರಣಿಯಿಂದ ಶುರುವಾಗುತ್ತದೆ. ಆದರೆ 2200ಜಿ, 2400ಜಿ ಹೆಸರಿನಲ್ಲಿ 2000 ಇದ್ದರೂ ಅವು ಒಳಗೆ ಮೊದಲ ತಲೆಮಾರಿನವು, ಪಟ್ಟಿಯಲ್ಲಿಲ್ಲ. ವಿಂಡೋಸ್ 11 ಕೇಳುವ ಭದ್ರತಾ ಭಾಗವಾದ ಟಿಪಿಎಂ ಇಲ್ಲವೆಂದು ಅದರ ಅರ್ಹತಾ ಪರೀಕ್ಷೆ ಹೇಳಿದರೆ ಹೆದರಬೇಡಿ. ಬಯೋಸ್‌ನಲ್ಲಿ ಇಂಟೆಲ್ ಪಿಟಿಟಿ ಅಥವಾ ಎಎಂಡಿ ಎಫ್‌ಟಿಪಿಎಂ ಚಾಲೂ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ನಾಲ್ಕನೆಯದು ರ‍್ಯಾಮ್. ನಿಮ್ಮಲ್ಲಿರುವುದು ಡಿಡಿಆರ್3 ಆದರೆ ಬೋರ್ಡ್ ಬದಲಿಸಿದ ದಿನ ಅದು ಕಪಾಟು ಸೇರುತ್ತದೆ. ಡಿಡಿಆರ್4 ಆದರೆ ಹೊಸ ಬೋರ್ಡಿಗೂ ಒಯ್ಯಬಹುದು. ರ‍್ಯಾಮ್ ದರ ಒಂದೇ ವರ್ಷದಲ್ಲಿ ನೆಲದಿಂದ ಮುಗಿಲಿಗೆ ಹೋಗುವ ಸರಕು. ಹಾಗಾಗಿ ಇರುವ 16 ಜಿಬಿ ಡಿಡಿಆರ್4 ಉಳಿಸಿಕೊಳ್ಳುವ ಆಯ್ಕೆಗೆ ನನ್ನ ತಕ್ಕಡಿಯಲ್ಲಿ ಹೆಚ್ಚು ತೂಕ.

ಇನ್ನು ಕರಾವಳಿಯವರಿಗೆ ಮಾತ್ರ ಅನ್ವಯಿಸುವ ಒಂದು ಬಟ್ಟಿದೆ. ಪ್ರೊಸೆಸರ್ ಎಂಬುದು ಬಹಳ ಗಟ್ಟಿ ಜೀವ, ಸಾಯುವುದು ಬೋರ್ಡ್. ಅಂಕೋಲಾ, ಕುಮಟಾ, ಹೊನ್ನಾವರದ ಉಪ್ಪುಗಾಳಿಗೆ ಸ್ಲಾಟಿನ ಸಂಪರ್ಕ, ಬೋರ್ಡಿನ ಬೆಸುಗೆ ಎಲ್ಲವೂ ಹಸಿರು ಹಿಡಿಯುತ್ತವೆ. ಹಾಗಾಗಿ ಬಳಸಿದ ಪ್ರೊಸೆಸರ್ ಧೈರ್ಯವಾಗಿ ಕೊಳ್ಳಬಹುದು, ಬಳಸಿದ ಬೋರ್ಡಿಗೆ ಮಾತ್ರ ಎರಡು ಬಾರಿ ಯೋಚಿಸಿ. ನಿಮ್ಮದೇ ಹಳೆ ಬೋರ್ಡನ್ನೂ ಬಿಚ್ಚಿ ನೋಡಿ. ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ, ಪೋರ್ಟ್‌ಗಳ ಒಳಗೆ ತುಕ್ಕು ಕಂಡರೆ ಅದರ ಮೇಲೆ ಇನ್ನು ಹಣ ಸುರಿಯಬೇಡಿ.

ಎಚ್61, ಎಚ್81: ನಾಲ್ಕು ಸಾವಿರದೊಳಗಿನ ದಾರಿ

ಚಿಪ್‌ಸೆಟ್ ಎಚ್61 ಎಂದರೆ ಎಲ್‌ಜಿಎ 1155 ಸಾಕೆಟ್. ಇಂಟೆಲ್‌ನ 2011ರ ಎರಡನೇ ಮತ್ತು 2012ರ ಮೂರನೇ ಜನರೇಶನ್ ಇದರಲ್ಲಿ ಕೂರುತ್ತವೆ, ಮೂರನೆಯದಕ್ಕೆ ಬಯೋಸ್ ಹೊಸದಿರಬೇಕು. ಪೆಂಟಿಯಂ ಅಥವಾ ಐ3 ಇದ್ದವರಿಗೆ ಐ5-3470 ಕೈಗೆಟಕುವ ಏಣಿ: ನಾಲ್ಕು ಕೋರ್, 77 ವ್ಯಾಟ್. ಐ7-3770ಕ್ಕೆ ಅಷ್ಟೇ ಕೋರ್, ಎಂಟು ಥ್ರೆಡ್, ಅದೇ 77 ವ್ಯಾಟ್. ಐ7-2600 ಇನ್ನೂ ಅಗ್ಗಕ್ಕೆ ಸಿಗುತ್ತದೆ, ಆದರೆ ಅದು 95 ವ್ಯಾಟಿನದು. ಅಗ್ಗದ ಎಚ್61 ಬೋರ್ಡಿನ ಬಡಕಲು ವಿದ್ಯುತ್ ಸರ್ಕ್ಯೂಟಿಗೆ ಆ ಹೊರೆ ಹೇರುವುದು ಬೇಡ.

ಈಗಾಗಲೇ ಐ5-2400 ಇದ್ದವರು ಐ5-3470ಕ್ಕೆ ಹೋದರೆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಹೋಗುವುದಾದರೆ ಐ7-3770ಕ್ಕೇ ಹೋಗಿ, ಅದೂ ಎಲ್ಲ ಥ್ರೆಡ್ ಬಳಸುವ ಕೆಲಸ ಇದ್ದರೆ ಮಾತ್ರ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೆ ಇಂಟೆಲ್‌ನ ಸರ್ವರ್ ಪ್ರೊಸೆಸರ್ ಜಿಯಾನ್ ಇ3-1230 ವಿ2 ಕೂಡ ಒಂದು ದಾರಿ: ಐ7ನಂತೆಯೇ ನಾಲ್ಕು ಕೋರ್ ಎಂಟು ಥ್ರೆಡ್, ಒಳಗೆ ಗ್ರಾಫಿಕ್ಸ್ ಇಲ್ಲ. ಬೋರ್ಡಿನ ಪಟ್ಟಿಯಲ್ಲಿ ಅದರ ಹೆಸರು ಇದ್ದರಷ್ಟೇ ಕೊಳ್ಳಿ.

ಈ ಬೋರ್ಡಿನ ಮಿತಿ ಪ್ರೊಸೆಸರ್ ಬದಲಿಸಿದರೂ ಬದಲಾಗುವುದಿಲ್ಲ. ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್‌ಗಳು 3 ಗಿಗಾಬಿಟ್‌ನವು, ಎನ್‌ವಿಎಂಇ (ಸಾಟಾಕ್ಕಿಂತ ವೇಗದ ಎಸ್‌ಎಸ್‌ಡಿ) ಇಲ್ಲ, ರ‍್ಯಾಮ್ 16 ಜಿಬಿಗೆ ನಿಲ್ಲುತ್ತದೆ. ಸಾದಾ ಸಾಟಾ ಎಸ್‌ಎಸ್‌ಡಿ ಹಾಕಿದರೆ ಅದರ ಅರ್ಧ ವೇಗವಷ್ಟೇ ಸಿಗುತ್ತದೆ, ಆದರೂ ಹಾರ್ಡ್ ಡಿಸ್ಕ್‌ಗೆ ಹೋಲಿಸಿದರೆ ಅದು ಹಗಲು-ರಾತ್ರಿಯ ವ್ಯತ್ಯಾಸ.

ಎಚ್81 ಅಥವಾ ಬಿ85 ಇದ್ದರೆ ಎಲ್‌ಜಿಎ 1150, ನಾಲ್ಕನೇ ಜನರೇಶನ್. ಐ5-4590, ಐ7-4790 ಇಲ್ಲಿನ ಗುರಿ, ಇವಕ್ಕೂ ಹೊಸ ಬಯೋಸ್ ಬೇಕಾಗಬಹುದು. ಎವಿಎಕ್ಸ್2 ಎಂಬ ಪ್ರೊಸೆಸರ್ ಸೂಚನೆಗಳು ಇಂಟೆಲ್‌ನ ಡೆಸ್ಕ್‌ಟಾಪ್‌ಗೆ ಬಂದದ್ದು ಇದೇ ತಲೆಮಾರಿನಲ್ಲಿ. ಕೆಲವು ಹೊಸ ತಂತ್ರಾಂಶಗಳು ಅದಿಲ್ಲದೆ ತೆರೆಯುವುದೇ ಇಲ್ಲ. ಹಾಗಾಗಿ ಎಚ್61ಕ್ಕಿಂತ ಇದಕ್ಕೆ ಆಯುಷ್ಯ ತುಸು ಜಾಸ್ತಿ.

ಎರಡಕ್ಕೂ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ. ಬ್ಯಾಂಕ್ ವ್ಯವಹಾರ, ಜಿಎಸ್‌ಟಿ ಸಲ್ಲಿಕೆ ನಡೆಯುವ ಗಣಕಕ್ಕೆ ಇದು ಸಣ್ಣ ಮಾತಲ್ಲ. ಮನೆಯ ಮಕ್ಕಳ ಓದು, ಬ್ರೌಸಿಂಗ್, ಲಿಬ್ರೆ ಆಫೀಸ್ ಇಷ್ಟೇ ಆದರೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯವ್ಯವಸ್ಥೆ ಹಾಕಿ ಇನ್ನೂ ಕೆಲವು ವರ್ಷ ತಳ್ಳಬಹುದು. ಕನ್ನಡ ಟೈಪಿಂಗ್‌ಗೆ ಯೂನಿಕೋಡ್ ಕೀಲಿಮಣೆ ಅದರಲ್ಲೂ ಇದೆ.

ಎಚ್110: ಮೋಸದ ಜಾಗ

ಆರು ಮತ್ತು ಏಳನೇ ಜನರೇಶನ್‌ನ ಎಚ್110, ಬಿ150, ಬಿ250 ಬೋರ್ಡ್‌ಗಳ ಸಾಕೆಟ್ ಹೆಸರು ಎಲ್‌ಜಿಎ 1151. ಎಂಟು-ಒಂಬತ್ತನೇ ಜನರೇಶನ್‌ನದೂ ಅದೇ ಹೆಸರು. ಐ5-8400 ಈ ಸಾಕೆಟ್‌ನಲ್ಲಿ ಸಲೀಸಾಗಿ ಕೂರುತ್ತದೆ, ಆದರೆ ಗಣಕ ಏಳುವುದಿಲ್ಲ. ಅದಕ್ಕೆ ಎಚ್310, ಬಿ360, ಬಿ365ರಂತಹ 300 ಸರಣಿಯ ಬೋರ್ಡೇ ಬೇಕು.

ಹಾಗಾದರೆ ಎಚ್110ಕ್ಕೆ ಐ7-7700? ನನ್ನ ಮಟ್ಟಿಗೆ ಇದು ಇಡೀ ಸೆಕೆಂಡ್ ಹ್ಯಾಂಡ್ ಪೇಟೆಯ ಅತ್ಯಂತ ಕೆಟ್ಟ ವ್ಯಾಪಾರ. ಆ ಬೋರ್ಡಿನ ತುತ್ತತುದಿಯ ಪ್ರೊಸೆಸರ್ ಅದೇ ಆದ್ದರಿಂದ ಎಲ್ಲರಿಗೂ ಅದೇ ಬೇಕು, ಬೆಲೆ ಇಳಿಯುವುದಿಲ್ಲ. ಕೊಟ್ಟರೂ ವಿಂಡೋಸ್ 11ರ ಪಟ್ಟಿಯಲ್ಲಿ ಅದಿಲ್ಲ. ಐ5-6500 ಅಥವಾ ಐ5-7500 ಅಗ್ಗಕ್ಕೆ ಸಿಕ್ಕರೆ ಹಾಕಿಕೊಳ್ಳಿ. ಅದಕ್ಕಿಂತ ಮೇಲೆ ಹೋಗುವ ಮನಸ್ಸಿದ್ದರೆ ಬೋರ್ಡನ್ನೇ ಬದಲಿಸಿ. ಎಚ್110 ಬೋರ್ಡ್‌ಗಳಲ್ಲಿ ಹೆಚ್ಚಿನವು ಡಿಡಿಆರ್4ನವು. ಆ ರ‍್ಯಾಮನ್ನೇ ಡಿಡಿಆರ್4 ಸ್ಲಾಟ್‌ನ ಎಚ್610 ಬೋರ್ಡಿಗೆ ಹಾಕಿ, ಐ3-12100 ಕೂರಿಸಿದರೆ ನಾಲ್ಕು ಕೋರ್ ಎಂಟು ಥ್ರೆಡ್ ಎಂಬ ಅಂಕಿ ಐ7-7700ದ್ದೇ, ಆದರೆ ಒಂದೊಂದು ಕೋರ್ ಬಹಳ ಮುಂದೆ. ಜೊತೆಗೆ ವಿಂಡೋಸ್ 11, ಎನ್‌ವಿಎಂಇ, ಹೊಸ ವಾರಂಟಿ. ಬೋರ್ಡ್ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಡಿ4 ಎಂದಿದೆಯೋ ಡಿ5 ಎಂದಿದೆಯೋ ಓದಿ. ಎಚ್610ರಲ್ಲಿ ಎರಡೂ ಬರುತ್ತವೆ, ಒಂದರ ರ‍್ಯಾಮ್ ಇನ್ನೊಂದಕ್ಕೆ ಕೂರದು.

ಎಲ್‌ಜಿಎ 1155ರಿಂದ 1200ರವರೆಗೆ ಕೂಲರ್ ತೂತುಗಳ ಅಂತರ 75 ಮಿಲಿಮೀಟರ್, 1700ರಲ್ಲಿ 78. ಹಳೆ ಕೂಲರ್ ಹೊಂದುವುದಿಲ್ಲ. ಡಬ್ಬಿಯಲ್ಲಿ ಬರುವ ಐ3-12100ರ ಜೊತೆ ಕೂಲರ್ ಇರುತ್ತದೆ, ಟ್ರೇ ಎಂದು ಬಿಡಿಯಾಗಿ ಮಾರುವುದರ ಜೊತೆ ಇರುವುದಿಲ್ಲ. ಡಬ್ಬಿಯದಕ್ಕೆ ತಯಾರಕರ ಮೂರು ವರ್ಷದ ವಾರಂಟಿ, ಟ್ರೇಗೆ ಮಾರುವವನು ಬಿಲ್ಲಿನಲ್ಲಿ ಬರೆದುಕೊಟ್ಟಷ್ಟೇ.

ಎಚ್310, ಎಚ್410, ಎಚ್510

ಈ ಬೋರ್ಡ್ ಇದ್ದವರಿಗೆ ಹೆಚ್ಚು ಹೇಳುವುದಿಲ್ಲ. ಎಚ್310ರಲ್ಲಿ ಪೆಂಟಿಯಂ ಅಥವಾ ಐ3-8100 ಇದ್ದರೆ ಬಳಸಿದ ಐ5-8400, 8500 ಅಥವಾ 9400ಎಫ್: ಆರು ಕೋರ್, 65 ವ್ಯಾಟ್. ಕಾರ್ಡ್ ಇಲ್ಲದವರು ಕೊನೆಯದನ್ನು ಬಿಡಿ. ಎಚ್410ಕ್ಕೆ ಐ5-10400: ಆರು ಕೋರ್, ಹನ್ನೆರಡು ಥ್ರೆಡ್. ಹನ್ನೊಂದನೇ ಜನರೇಶನ್ ಸಾಮಾನ್ಯವಾಗಿ ಎಚ್410ಕ್ಕೆ ಕೂಡಿಬರುವುದಿಲ್ಲ. ಎಚ್510 ಇದ್ದವರಿಗೆ ಐ5-11400 ಕೂಡ ತೆರೆದಿದೆ.

ಎಎಂ4: ಅದೃಷ್ಟವಂತರು

2017ರಲ್ಲಿ ರೈಜನ್ 3 1200 ಹಾಕಿಸಿದ ಬೋರ್ಡಿಗೇ ಇಂದು 5000 ಸರಣಿ ಕೂರಿಸಲು ಸಾಧ್ಯವಿದೆ ಎಂಬುದೇ ಈ ಸಾಕೆಟ್‌ನ ಹೆಗ್ಗಳಿಕೆ. ಎ320, ಬಿ350, ಬಿ450 ಯಾವುದೇ ಇರಲಿ, ತಯಾರಕರು ಬಯೋಸ್ ಕೊಟ್ಟಿದ್ದರೆ ಸಾಕು. ಹನ್ನೆರಡು ಸಾವಿರದೊಳಗೆ ಇಷ್ಟು ದೊಡ್ಡ ಜಿಗಿತ ಬೇರೆಲ್ಲೂ ಸಿಗದು, ಏಕೆಂದರೆ ಬೋರ್ಡ್, ರ‍್ಯಾಮ್ ಎರಡೂ ಉಳಿಯುತ್ತವೆ.

ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೆ 5600, ಜೇಬು ಬಿಗಿಯಿದ್ದರೆ 5500. ಎರಡೂ ಆರು ಕೋರ್, ಹನ್ನೆರಡು ಥ್ರೆಡ್. ವ್ಯತ್ಯಾಸ ಇರುವುದು ಎಲ್3 ಕ್ಯಾಶ್ ಎಂಬ, ಪ್ರೊಸೆಸರ್ ಒಳಗಿನ ಚುರುಕು ಮೆಮೊರಿಯಲ್ಲಿ: 5600ಕ್ಕೆ 32 ಎಂಬಿ, 5500ಕ್ಕೆ 16. ಆಟ ಆಡುವವರಿಗೆ ಇದು ತಟ್ಟುತ್ತದೆ, ಆಲ್ಬಂ ಡಿಸೈನ್ ಮಾಡುವವರಿಗೆ ಅಷ್ಟಾಗಿ ಇಲ್ಲ. 5500ರಲ್ಲಿ ಪಿಸಿಐಇ (ಗ್ರಾಫಿಕ್ಸ್ ಕಾರ್ಡ್ ಜೋಡಿಸುವ ದಾರಿ) 3.0 ಮಾತ್ರ. ಆರ್‌ಎಕ್ಸ್ 6500 ಎಕ್ಸ್‌ಟಿಯಂತೆ ನಾಲ್ಕೇ ಲೇನ್ ಬಳಸುವ ಕಾರ್ಡ್ ಇದರ ಜೊತೆ ಸೊರಗುತ್ತದೆ. ಕಾರ್ಡ್ ಇಲ್ಲದವರಿಗೆ 5600ಜಿ. ಅದು ರ‍್ಯಾಮನ್ನೇ ಗ್ರಾಫಿಕ್ಸ್ ಮೆಮೊರಿಯಾಗಿ ಬಳಸುವುದರಿಂದ 16ರ ಒಂದೇ ಕಡ್ಡಿಗಿಂತ 8ರ ಎರಡು ಕಡ್ಡಿ ಬಹಳ ಲೇಸು. ಗಂಟೆಗಟ್ಟಲೆ ರೆಂಡರ್ ಮಾಡುವ ಸ್ಟುಡಿಯೊಗಳಿಗೆ ಎಂಟು ಕೋರ್‌ನ 5700ಎಕ್ಸ್ ಇದೆ, ಅದೂ 65 ವ್ಯಾಟಿನದೇ. ಅದರ ಡಬ್ಬಿಯಲ್ಲಿ ಕೂಲರ್ ಇರುವುದಿಲ್ಲ ಎಂಬುದನ್ನು ಲೆಕ್ಕಕ್ಕೆ ಸೇರಿಸಿ.

ಒಂದು ಎಚ್ಚರ: ಬ್ರ್ಯಾಂಡೆಡ್ ಆಫೀಸ್ ಗಣಕಗಳಿಂದ ಕಿತ್ತ ರೈಜನ್ ಪ್ರೊ ಪ್ರೊಸೆಸರ್‌ಗಳಲ್ಲಿ ಕೆಲವು ಆ ಕಂಪನಿಯ ಬೋರ್ಡಿಗೇ ಶಾಶ್ವತವಾಗಿ ಬೀಗ ಹಾಕಿಸಿಕೊಂಡಿರುತ್ತವೆ. ಬೇರೆ ಬೋರ್ಡಿನಲ್ಲಿ ಅವು ಏಳುವುದೇ ಇಲ್ಲ. ಬೆಲೆ ಕಡಿಮೆ ಕಂಡು ಬೀಳಬೇಡಿ.

ಪೂರ್ತಿ ಬದಲಿಸುವುದಾದರೆ

ಡಿಡಿಆರ್3 ಗಣಕದಿಂದ ಹೊರಡುವವರ ಮುಂದೆ ಮೂರು ದಾರಿ. ವಿಡಿಯೊ ಎಡಿಟಿಂಗ್ ಮುಖ್ಯವಾದರೆ ಐ5-12400, ಎಫ್ ಇಲ್ಲದ್ದು. ಅದರೊಳಗಿನ ಕ್ವಿಕ್ ಸಿಂಕ್ ಎಂಬ ಭಾಗ ಕ್ಯಾಮೆರಾಗಳ 10 ಬಿಟ್ 4:2:2 ಎಚ್‌ಇವಿಸಿ ವಿಡಿಯೊ ಕಡತಗಳನ್ನೂ ತಾನೇ ಬಿಡಿಸುತ್ತದೆ. ಟೈಮ್‌ಲೈನ್ ಎಳೆದಾಡುವಾಗ ಮುಗ್ಗರಿಸುವುದು ನಿಲ್ಲುವುದು ಇದರಿಂದಲೇ. ಈ ಒಂದು ಕೆಲಸದಲ್ಲಿ 5600ಜಿ ಇದಕ್ಕೆ ಸಾಟಿಯಲ್ಲ.

ಎಎಂಡಿಯ ಹೊಸ ಸಾಕೆಟ್ ಎಎಂ5 ಎರಡನೆಯದು. ಡಿಡಿಆರ್5 ಕಡ್ಡಾಯ, ಬೋರ್ಡ್ ದುಬಾರಿ. ಆದರೆ 2027ರವರೆಗೆ ಮತ್ತು ಅದರಾಚೆಗೂ ಈ ಸಾಕೆಟ್‌ಗೆ ಪ್ರೊಸೆಸರ್ ತರುವುದಾಗಿ ಎಎಂಡಿ ಹೇಳಿದೆ. ಈಗ ಖರ್ಚು ಮಾಡಿ ಮುಂದೆ ಪ್ರೊಸೆಸರ್ ಒಂದನ್ನೇ ಬದಲಿಸುವ ಲೆಕ್ಕಾಚಾರದವರಿಗೆ ಸರಿ, ಬಿಗಿ ಬಜೆಟ್‌ನವರಿಗಲ್ಲ.

ಮೂರನೆಯದನ್ನು ಜನ ಮರೆಯುತ್ತಾರೆ: ಐ5-8500 ಇರುವ ರಿಫರ್ಬಿಶ್ಡ್ ಆಫೀಸ್ ಡೆಸ್ಕ್‌ಟಾಪ್. ಬೋರ್ಡ್, ರ‍್ಯಾಮ್, ಪ್ರೊಸೆಸರ್ ಬಿಡಿಬಿಡಿಯಾಗಿ ಹೊಸದು ಕೊಳ್ಳುವುದಕ್ಕಿಂತ ಇದು ಎಷ್ಟೋ ಸಲ ಅಗ್ಗ. ಸೊಸೈಟಿಯ ಕೌಂಟರ್, ಸೈಬರ್ ಅಂಗಡಿ, ಡಿಟಿಪಿ ಕೆಲಸಕ್ಕೆ ನಾನು ಮೊದಲು ಸೂಚಿಸುವುದು ಇದನ್ನೇ. ತೊಂದರೆ ಇಷ್ಟು: ಅದರ ಪವರ್ ಸಪ್ಲೈ, ಬೋರ್ಡ್ ಸ್ವಂತ ಅಳತೆಯವು. ಕೆಟ್ಟರೆ ಕುಮಟಾದಲ್ಲೂ ಸಿಗದು, ಹುಬ್ಬಳ್ಳಿಯಲ್ಲೂ ಹುಡುಕಬೇಕು. ಮುಂದೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕುವ ಆಸೆಯಿದ್ದರೆ ಬಿಟ್ಟುಬಿಡಿ.

ಎಕ್ಸ್79, ಎಕ್ಸ್99 ಬೋರ್ಡ್ ಜೊತೆ ಸರ್ವರ್ ಜಿಯಾನ್ ಕಟ್ಟಿ ಮಾರುವ ಕಿಟ್‌ಗಳ ಬಗ್ಗೆ ಕೇಳುವವರಿಗೆ ಉತ್ತರ: ಬೇಡ. ಕೋರ್ ಹೆಚ್ಚು, ಒಂದೊಂದು ಕೋರ್ ನಿಧಾನ, ಗ್ರಾಫಿಕ್ಸ್ ಇಲ್ಲ, ಕರೆಂಟ್ ಜಾಸ್ತಿ, ಬೋರ್ಡ್ ಕೆಟ್ಟರೆ ಕೇಳುವವರಿಲ್ಲ.

ಕೂರಿಸುವಾಗ ಕೆಡುವುದು ಎಲ್ಲಿ

ಬಯೋಸ್ ಅಪ್‌ಡೇಟ್ ಹಳೆ ಪ್ರೊಸೆಸರ್ ಇರುವಾಗಲೇ ಮುಗಿಯಬೇಕು. ಪೆನ್‌ಡ್ರೈವ್ ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಮಾಡಿ, ಕಡತ ಬಿಚ್ಚಿ ಹಾಕಿ, ಬಯೋಸ್ ಒಳಗಿನ ಫ್ಲ್ಯಾಶ್ ಸೌಲಭ್ಯದಿಂದಲೇ ಮಾಡಿ. ನಡುವೆ ಕರೆಂಟ್ ಹೋದರೆ ಬೋರ್ಡ್ ಕಲ್ಲಾಗುತ್ತದೆ. ಮಳೆಗಾಲದಲ್ಲಿ ಘಟ್ಟದ ಮೇಲೆ ಹೆಸ್ಕಾಂ ಲೈನ್ ಯಾವಾಗ ಹೋಗುತ್ತದೆಂದು ಹೇಳುವವರಾರು? ಯುಪಿಎಸ್‌ನ ಬ್ಯಾಟರಿ ನಿಜಕ್ಕೂ ಹತ್ತು ನಿಮಿಷ ತಾಳುತ್ತದೆಯೇ ಎಂದು ಮೊದಲು ಪ್ಲಗ್ ಕಿತ್ತು ಪರೀಕ್ಷಿಸಿ. ಗುಡುಗು ಶುರುವಾಗಿದ್ದರೆ ಮರುದಿನ ಬೆಳಗ್ಗೆ ಮಾಡಿ. ಎಎಂ4ನ ಹಳೆಯ ಎ6-9500 ಮಾದರಿ ಇದ್ದವರು ಗಮನಿಸಿ: ಕೆಲವು ಬೋರ್ಡ್‌ಗಳಲ್ಲಿ ಹೊಸ ಬಯೋಸ್ ಆ ಪ್ರೊಸೆಸರ್‌ನ ಬೆಂಬಲವನ್ನೇ ಕೈಬಿಡುತ್ತದೆ. ಫ್ಲ್ಯಾಶ್ ಆದ ಮೇಲೆ ಪರದೆ ಬರದಿದ್ದರೆ ಗಾಬರಿಬೀಳದೆ ಹೊಸದನ್ನು ಕೂರಿಸಿ ನೋಡಿ.

ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕಿನ ಕಡತಗಳಿಗೆ ಬೀಗ ಹಾಕುವ ಸೌಲಭ್ಯ) ಚಾಲೂ ಇದ್ದರೆ ಅದನ್ನು ಅಮಾನತಿನಲ್ಲಿಟ್ಟು, ರಿಕವರಿ ಕೀಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಎಫ್‌ಟಿಪಿಎಂ ಕೀಲಿ ಪ್ರೊಸೆಸರ್‌ಗೆ ಕಟ್ಟಿಕೊಂಡಿರುತ್ತದೆ. ಪ್ರೊಸೆಸರ್ ಹೋದರೆ ಕೀಲಿಯೂ ಹೋಯಿತು, ಬರೆದಿಟ್ಟ ರಿಕವರಿ ಕೀ ಇಲ್ಲದಿದ್ದರೆ ಕಡತಗಳೂ ಹೋದವು.

ಎಎಂ4 ಪ್ರೊಸೆಸರ್‌ಗೆ ಪಿನ್ ಅದರ ಹೊಟ್ಟೆಯಲ್ಲೇ ಇರುತ್ತವೆ. ತಣ್ಣಗಿದ್ದಾಗ ಕೂಲರನ್ನು ನೇರ ಮೇಲಕ್ಕೆ ಎಳೆದರೆ ಒಣಗಿದ ಪೇಸ್ಟ್ ಪ್ರೊಸೆಸರನ್ನೂ ಕಿತ್ತುಕೊಂಡು ಬರುತ್ತದೆ, ಪಿನ್ ಬಾಗುತ್ತವೆ. ಹದಿನೈದು ನಿಮಿಷ ಗಣಕ ಓಡಿಸಿ ಬಿಸಿಮಾಡಿ, ಆರಿಸಿ, ಪ್ಲಗ್ ಕಿತ್ತು, ಕೂಲರನ್ನು ಅತ್ತಿತ್ತ ತಿರುಚಿ ಸಡಿಲಿಸಿ ಎತ್ತಿ. ಇಂಟೆಲ್‌ನಲ್ಲಿ ಪಿನ್ ಬೋರ್ಡಿನ ಸಾಕೆಟ್‌ನಲ್ಲಿವೆ, ಅಲ್ಲಿ ಬೆರಳೂ ಬಟ್ಟೆಯೂ ತಾಗಬಾರದು. ಎರಡರಲ್ಲೂ ಮೂಲೆಯ ತ್ರಿಕೋನ ಗುರುತು ಹೊಂದಿಸಿ ಇಡಿ, ಒತ್ತಬೇಡಿ. ಹಳೆ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಹೊಸದನ್ನು ಬಟಾಣಿಯಷ್ಟು ನಡುವೆ ಇಟ್ಟರೆ ಸಾಕು. ಇಂಟೆಲ್ ಕೂಲರಿನ ನಾಲ್ಕು ಕಾಲುಗಳನ್ನು ಎದುರುಬದುರಾಗಿ ಒತ್ತಿ, ಬೋರ್ಡಿನ ಹಿಂದೆ ನಾಲ್ಕೂ ಹೊರಬಂದಿವೆಯೇ ನೋಡಿ. ಒಂದು ಕಾಲು ಅರ್ಧ ಕೂತರೂ ತಾಪ 95 ಡಿಗ್ರಿ ಮುಟ್ಟುತ್ತದೆ.

ಪರದೆ ಬರದಿದ್ದರೆ ಮೊದಲು ರ‍್ಯಾಮ್ ಕಿತ್ತು, ಸಂಪರ್ಕದ ಚಿನ್ನದ ಪಟ್ಟಿಯನ್ನು ರಬ್ಬರಿನಿಂದ ಒರೆಸಿ ಹಾಕಿ. ಕರಾವಳಿಯಲ್ಲಿ ಅರ್ಧ ಸಮಸ್ಯೆ ಅಲ್ಲೇ ಇರುತ್ತದೆ. ಆಮೇಲೆ ಪ್ಲಗ್ ಕಿತ್ತು ಸಿಆರ್2032 ಬ್ಯಾಟರಿಯನ್ನು ಒಂದೆರಡು ನಿಮಿಷ ಹೊರಗಿಟ್ಟು ಬಯೋಸ್ ಸೆಟ್ಟಿಂಗ್ ಅಳಿಸಿ. ಎಎಂ4 ಮೊದಲ ಸಲ ಏಳಲು ತುಸು ಹೊತ್ತು ತೆಗೆದುಕೊಳ್ಳುತ್ತದೆ, ಕಾಯಿರಿ.

ಬಳಸಿದ ಪ್ರೊಸೆಸರ್ ತಂದವರು ಸಿಪಿಯು-ಝಡ್ ಎಂಬ ತಂತ್ರಾಂಶದಲ್ಲಿ ಹೆಸರು ಮತ್ತು ಮೇಲಿನ ಅಚ್ಚು ತಾಳೆಯಾಗುತ್ತವೆಯೇ ನೋಡಿ. ಇಂಟೆಲ್ ಕಾನ್ಫಿಡೆನ್ಷಿಯಲ್ ಎಂಬ ಅಚ್ಚಿದ್ದರೆ ಅದು ಪರೀಕ್ಷೆಯ ಮಾದರಿ, ಹಿಂದಿರುಗಿಸಿ. ಅರ್ಧ ಗಂಟೆ ಪೂರ್ತಿ ಹೊರೆಯಲ್ಲಿ ಓಡಿಸಿದಾಗ ತಾಪ 85ರೊಳಗೆ ನಿಂತರೆ ಸರಿ. ಮಾರಿದವನು ಎಷ್ಟು ದಿನದೊಳಗೆ ವಾಪಸ್ ತೆಗೆದುಕೊಳ್ಳುತ್ತಾನೋ ಅಷ್ಟರೊಳಗೆ ಈ ಪರೀಕ್ಷೆ ಮುಗಿಸಿ. ಹಳೆ ಪ್ರೊಸೆಸರನ್ನು ಅಲ್ಲಿಯವರೆಗೆ ಮಾರಬೇಡಿ. ಬಯೋಸ್ ತೊಂದರೆ ಕೊಟ್ಟರೆ ಗಣಕ ಎಬ್ಬಿಸಲು ಅದೇ ಬೇಕಾಗುತ್ತದೆ.